ಮೂರು ಅಂಕಿ

ಗೂಡಿನ ಮಾರುಕಟ್ಟೆಯಲ್ಲಿ ನಾನು
ಕೈ ಹಾಕದೆ ಬೆಲೆ ಹೇಳಿದವನಲ್ಲ.
ಜಾಲರಿಯೊಳಗೆ ಮೊಣಕೈವರೆಗೂ ಇಳಿಸಿ
ತಳದಿಂದ ಒಂದು ಹಿಡಿ ಮೇಲೆ ತಂದು
ಹಿಚುಕಿ, ಕಿವಿಯ ಹತ್ತಿರ ಅಲುಗಿಸಿ,
ಒಳಗಿನ ಹುಳು ಟಕ್ ಎಂದರೆ ಮಾತ್ರ
ಮೊಬೈಲಿನಲ್ಲಿ ರೇಟು ಒತ್ತುವವನು.
ಶಿಡ್ಲಘಟ್ಟದಲ್ಲಿ ಎಲ್ಲರೂ ಹಾಗೆಯೇ,
ಬದನೆಕಾಯಿಯನ್ನೂ ಅಲುಗಿಸಿಯೇ ಕೊಳ್ಳುತ್ತೇವೆ.

ಅಂಥ ನಾನು
ಗಾಡಿಗೆ ಹೊಸ ಹ್ಯಾಂಡಲ್ ಬಾರನ್ನು
ಬರೀ ಚಿತ್ರ ನೋಡಿ ಆರಿಸಬೇಕಾಯಿತು.

ಕಾರಣ ಕಿರುಬೆರಳು.
ವಿಜಯಪುರ, ಚಿಂತಾಮಣಿ, ಎಚ್. ಕ್ರಾಸ್ ಎಂದು
ಗೂಡು, ನೂಲು, ಸೌದೆ ಹೇರಿಕೊಂಡು
ಹದಿನಾಲ್ಕು ವರ್ಷ ಬಾಗಿದ ಮಣಿಕಟ್ಟು
ಒಂದು ದಿನ ಬೆರಳಿಗೆ ಸುದ್ದಿ ಮುಟ್ಟಿಸುವುದನ್ನೇ ನಿಲ್ಲಿಸಿತು.
ಮೊದಲು ಕಿರುಬೆರಳು, ಆಮೇಲೆ ಉಂಗುರಬೆರಳು.
ಕಳೆದ ತಿಂಗಳು ಒಂದು ಲಾಟು ಬಿಗಿಯಾಗಿದೆ ಅಂದುಕೊಂಡೆ.
ಬಿಸಿನೀರಿಗೆ ಬಿಟ್ಟಾಗ ಅರ್ಧಕ್ಕರ್ಧ ಮೆತ್ತನೆ,
ಮಾರಿಗೊಂದು ಸಲ ಎಳೆ ತುಂಡು.
ಒಂಬತ್ತು ಸಾವಿರ ಹೋಯಿತು.
ಫಹಮೀದಾ ಏನೂ ಅನ್ನಲಿಲ್ಲ,
ಲೆಕ್ಕದ ಪುಸ್ತಕವನ್ನು ನನ್ನ ಕಡೆ ತಿರುಗಿಸಿಟ್ಟಳು.

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಅಂಗಡಿಯವನು ಹೇಳಿದ:
"ಹಾಕಿ ನೋಡಂಗಿಲ್ಲ ಸಾಬ್ರೇ, ಆರ್ಡರ್ ಮಾಡಿ ತರಿಸಬೇಕು.
ಬಂದ ಮೇಲೆ ಬ್ಯಾಡ ಅಂದ್ರೆ
ನಾನೇನು ಅದರಲ್ಲಿ ಬಟ್ಟೆ ಒಣಗಾಕ್ಲಾ?"
ಚಿತ್ರದ ಕೆಳಗೆ ಮೂರು ಅಂಕಿ:
ಎತ್ತರ ಇಷ್ಟು, ಅಗಲ ಇಷ್ಟು,
ಸವಾರನ ಕಡೆಗೆ ಬಾಗಿದ್ದು ಇಷ್ಟು.
ಕಬ್ಬಿಣ ಎಲ್ಲೋ ಇತ್ತು,
ನನ್ನ ಮುಂದಿದ್ದದ್ದು ಅದರ ಜಾತಕ.

ಮನೆಗೆ ಬಂದು, ಸ್ಟ್ಯಾಂಡ್ ಹಾಕಿದ ಗಾಡಿ ಮೇಲೆ
ಕಣ್ಣು ಮುಚ್ಚಿ ಕೂತೆ.
ಎರಡೂ ಕೈಯಲ್ಲಿ ನೆಲ ಒರೆಸುವ ಕೋಲು.
ಗಾಳಿಯಲ್ಲಿ ಎಲ್ಲಿ ಹಿಡಿದರೆ ಹೆಗಲು ಹಗುರಾಗುತ್ತದೋ
ಅಲ್ಲಿ ನಿಲ್ಲಿಸಿ, "ಅಳಿ" ಅಂದೆ.
ಫಹಮೀದಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ
ರವಿಕೆ ಅಳೆಯುವ ಟೇಪು ಹಿಡಿದಳು.
ಮೊದಲ ಸಲ ಹಳೆಯದಕ್ಕಿಂತ ಮೂರು ಇಂಚು ಮೇಲೆ.
ಎರಡನೇ ಸಲ ಐದು.
ಊಟ ಆದ ಮೇಲೆ ಎರಡೂವರೆ.
ಸೂಜಿ ತೆಗೆದು ನಕ್ಕಳು:
"ನಿಮ್ಮ ಕೈ ಎಲ್ಲಿದೆ ಅಂತ ನಿಮಗೇ ಗೊತ್ತಿಲ್ಲ."
ಪಕ್ಕದ ಮನೆಯ ಹುಡುಗ ಗೇಟು ಹತ್ತಿ ಕೂತು
ಗಾಡಿ ಯಾವಾಗ ಹೊರಡುತ್ತದೆ ಎಂದು ಕಾಯುತ್ತಿದ್ದ.

ನಾಲ್ಕು ಇಂಚಿಗೆ ದುಡ್ಡು ಕಟ್ಟಿದೆ.

ಹನ್ನೊಂದನೇ ದಿನ ಬಂತು.
ಪಿಳ್ಳಾಂಜಿನಪ್ಪ ಹಳೆಯದನ್ನು ಬಿಚ್ಚಿ ಇದನ್ನು ಬಿಗಿದ.
ಕ್ಲಚ್ ವೈರು ನಾಲ್ಕು ಬೆರಳು ಸಾಲಲಿಲ್ಲ.
ಆಕ್ಸಿಲೇಟರ್ ವೈರು ಹೇಗೋ ಸಾಲಿತು, ಆದರೆ
ಎಡಕ್ಕೆ ತಿರುಗಿಸಿದಾಗಲೆಲ್ಲ
ಗಾಡಿ ತಾನಾಗಿಯೇ ರೇಗಿ ಕೂಗುತ್ತಿತ್ತು.
"ಕೈ ಅಳದ್ರಿ, ವೈರು ಅಳೀಲಿಲ್ಲ," ಅಂದ,
ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು.
ನಾನು ಮೂರು ಅಂಕಿ ಬರೆದ ಚೀಟಿಯನ್ನು
ಜೇಬಿನಲ್ಲೇ ಮಡಿಸಿದೆ.

ಉದ್ದನೆಯ ವೈರು ಹಾಕಿಸಿ
ದಿಬ್ಬೂರಹಳ್ಳಿ ರಸ್ತೆಗೆ ಬಿಟ್ಟೆ.
ಬೆನ್ನು ನೆಟ್ಟಗಾಯಿತು, ಅಂಗಿಯೊಳಗೆ ಗಾಳಿ ಹೊಕ್ಕಿತು.
ಇಷ್ಟು ವರ್ಷ ಬೇಲಿ ಮಾತ್ರ ಕಂಡಿದ್ದ ಕಡೆ
ಬೇಲಿಯ ಆಚೆ ಹಿಪ್ಪುನೇರಳೆ,
ಅದರ ನಡುವೆ ಬುಟ್ಟಿ ಹೊತ್ತ ಒಬ್ಬಳು, ಯಾರನ್ನೋ ಬಯ್ಯುತ್ತಿದ್ದಳು.
ತಿರುವಿನಲ್ಲಿ ಮಾತ್ರ ಕೈಗಳು
ಹಳೆಯ ಜಾಗಕ್ಕೇ ಇಳಿಯಲು ಹೋದವು,
ಮೆಟ್ಟಿಲು ಮುಗಿದ ಮೇಲೆ
ಇನ್ನೊಂದಿದೆ ಎಂದು ಕಾಲಿಟ್ಟ ಹಾಗೆ.

"ಸರಿಯಾಯ್ತಾ?" ಅಂದಳು.
ಅರ್ಧ ಇಂಚು ಕಡಿಮೆ ಇರಬೇಕಿತ್ತೇನೋ.
ಇಲ್ಲ, ನಾನೇ ಅರ್ಧ ಇಂಚು ಎತ್ತರ ಇರಬೇಕಿತ್ತು.
"ಗೊತ್ತಿಲ್ಲ," ಅಂದೆ.
ಅವಳು ಹಳೆಯ ಬಾರನ್ನು ಆಗಲೇ
ಶೆಡ್ಡಿನ ಗೋಡೆಗೆ ಹಗ್ಗದಲ್ಲಿ ಕಟ್ಟಿ
ಒದ್ದೆ ಟವೆಲ್ಲು ಹರವಿದ್ದಳು.

ಹದಿನೈದು ದಿನ ಕಳೆದು, ಹರಾಜು ಶುರುವಾಗುವ ಮುಂಚೆ,
ನಲವತ್ತೆರಡನೇ ಜಾಲರಿ.
ಮೊಣಕೈವರೆಗೂ ಇಳಿಸಿದೆ.
ಕಿರುಬೆರಳು ಇನ್ನೂ ಸುಮ್ಮನಿದೆ.
ಉಂಗುರಬೆರಳು, ಎಷ್ಟೋ ದಿನದ ಮೇಲೆ,
ಮೆಲ್ಲಗೆ ಹೇಳಿತು:
ತಳದಲ್ಲಿ ಮೆತ್ತಗಿದೆ, ಬೇಡ.