ನಲವತ್ತೇಳು

ಮೂರನೇ ಮಹಡಿಯಿಂದ ಕರೆಸಿದರು, ಮನೆಯ ಚಪ್ಪಲಿಯಲ್ಲೇ ಇಳಿದೆ.
ಮೂವತ್ತೊಂದು ವರ್ಷ ಕುತೈಸಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ
ತಂತಿ ಚುಚ್ಚಿ ತಂತಿ ಕಿತ್ತವಳು ನಾನು;
ಇಂದಿಗೂ ಈ ವಠಾರದಲ್ಲಿ ಏನು ಕೆಟ್ಟರೂ
‘ಎತೆರಿಯನ್ನು ಕರೀರಿ’ ಅನ್ನುತ್ತಾರೆ,
ನಲ್ಲಿ ಸೋರಿದರೂ.

ಲಮಾರಾಳ ಅಡುಗೆಮನೆಯೇ ಅವಳ ಅಚ್ಚುಕೂಟ:
ಮದುವೆಯೂಟದ ಪಟ್ಟಿ, ‘ಕೋಣೆ ಬಾಡಿಗೆಗಿದೆ’,
ತಪ್ಪಿಸಿಕೊಂಡ ನಾಯಿಯ ಮುಖ.
ಗೋಡೆಯಾಚೆ ಅತ್ತೆ ನಾನುಲಿ, ಮಡಿಲಲ್ಲಿ ಟ್ಯಾಬ್ಲೆಟ್ಟು,
ಬಟುಮಿಯ ತಂಗಿಯೊಡನೆ ದಿನವೂ ನಾರ್ದಿ ಆಟ.

ಅವಳು ಆಡಲು ಕೂತರೆ ಇವಳ ಪ್ರಿಂಟರ್ ಮೂಕ.
ಇವಳು ಅಚ್ಚಿಗೆ ಕೊಟ್ಟರೆ ಅಲ್ಲಿ ಆ ತಂಗಿ
ದಾಳ ಹಿಡಿದ ಕೈ ಎತ್ತಿದಂತೆ, ಬಾಯಿ ತೆರೆದಂತೆ
ಕಲ್ಲಾಗಿಬಿಡುತ್ತಾಳೆ.
‘ಬೇಕಂತಲೇ ಮಾಡ್ತಾಳೆ’ ಅವಳೆಂದಳು.
‘ಬೇಕಂತಲೇ’ ಇವಳು.
ಹನ್ನೊಂದು ದಿನದಿಂದ ಉಪ್ಪಿನ ಡಬ್ಬಿಯೂ ಎರಡು.

ಯಾವಾಗಿನಿಂದ? ಕೇಳಿದೆ, ಹಳೆಯ ಕಸುಬಿನ ಪ್ರಶ್ನೆ.
ಕರೆಂಟು ಹೋಗಿ ಬಂದ ರಾತ್ರಿಯಿಂದ.

ಪ್ರಿಂಟರಿನ ವೈರು ಕಿತ್ತು ಪಕ್ಕಕ್ಕಿಟ್ಟೆ.
ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು, ನಲವತ್ತೇಳು:
ಅದರದೇ ವಿಳಾಸಕ್ಕೆ ಒಂದು ಪಿಂಗ್ ಕಳಿಸಿದೆ.
ಉತ್ತರ ಬಂತು.
ಉಸಿರಿಲ್ಲದ ಪೆಟ್ಟಿಗೆ ‘ಇದ್ದೇನೆ’ ಎಂದಂತೆ,
ನಾಲ್ಕೇ ಮಿಲಿಸೆಕೆಂಡಿನಲ್ಲಿ.
ಲಮಾರಾ ಎದೆಯ ಮೇಲೆ ಶಿಲುಬೆ ಗೀರಿಕೊಂಡಳು.

ದೆವ್ವವಲ್ಲ ಮಗಳೇ. ಒಂದು ಒರೆ, ಎರಡು ಕತ್ತಿ.
ರೂಟರ್ ಅನ್ನುವುದು ಮರೆವಿನ ಮನೆಯೊಡತಿ;
ಕತ್ತಲಲ್ಲಿ ಬಾಡಿಗೆ ಪುಸ್ತಕ ಕಳಕೊಂಡು
ಬೆಳಕಾದಾಗ ಮೊದಲು ಬಂದವರಿಗೆ
ಖಾಲಿ ಎಂದುಕೊಂಡ ಕೋಣೆಯ ಬೀಗದ ಕೈ ಕೊಟ್ಟಳು.
ಒಳಗೆ ಒಬ್ಬರು ಮೊದಲೇ ಹಾಸಿಗೆ ಹಾಸಿದ್ದರು,
ಅವಳನ್ನು ಕೇಳದೆಯೇ.

ಕೇಳದೆ ಸೇರಿಸಿದವರು ಯಾರು?
ಕಾಗದದ ತಟ್ಟೆ ಎಳೆದೆ. ಅಡಿಯಲ್ಲಿ ಒಂದು ಪಟ್ಟಿ,
ನೀಲಿ ಶಾಯಿಯಲ್ಲಿ ಅದೇ ಸಂಖ್ಯೆ, ಕೆಳಗೆ:
‘ಬದಲಿಸಬೇಡಿ. ಜುರಾಬ್.’

ಜುರಾಬ್ ಪೋತಿಯಲ್ಲಿದ್ದಾನೆ, ಬೇರೊಬ್ಬಳ ಜೊತೆ,
ಚೆನ್ನಾಗಿಯೇ ಇದ್ದಾನೆ. ಐದು ವರ್ಷವಾಯಿತು.
ಹೋಗುವಾಗ ಕ್ರೇನಿನಷ್ಟು ಉದ್ದದ ಆ ಮನುಷ್ಯ
ಬಿಟ್ಟುಹೋದದ್ದು ಈ ಪ್ರಿಂಟರು
ಮತ್ತು ತನ್ನ ತಾಯಿ.
ಸೊಸೆ ಹೊರಡು ಅನ್ನಲಿಲ್ಲ, ಅತ್ತೆ ಹೊರಡುತ್ತೇನೆ ಅನ್ನಲಿಲ್ಲ.
ಮನೆ ಯಾರದು ಎಂಬ ಮಾತು ಒಲೆಯ ಮೇಲಿಟ್ಟರೂ
ಯಾರೂ ಕುದಿಯಬಿಡಲಿಲ್ಲ.

‘ನಲವತ್ತೇಳಾ?’ ಬಾಗಿಲಿಗೊರಗಿ ನಾನುಲಿ,
‘ಅದು ಅವನ ಬೂಟಿನ ಅಳತೆ.
ಇಡೀ ಊರಲ್ಲಿ ಸಿಗುತ್ತಿರಲಿಲ್ಲ.’

ನಾನು ಸುಮ್ಮನೆ ಕನ್ನಡಕ ಒರೆಸಿದೆ.
ಯಾರನ್ನಾದರೂ ಎಬ್ಬಿಸಲೇಬೇಕು, ಯಾರನ್ನು, ನೀವೇ ಹೇಳಿ.

ಲಮಾರಾ ಪಟ್ಟಿಯ ಅಂಚನ್ನು ಉಗುರಿನಿಂದ ಕೆರೆದಳು;
ಅರ್ಧ ಬಂತು, ಅರ್ಧ ಅಂಟಿಕೊಂಡೇ ಇತ್ತು.
‘ಅತ್ತೆಗೇ ಇರಲಿ ಅದು,’ ಅಂದಳು.
‘ನನ್ನ ಪೆಟ್ಟಿಗೆಗೆ ಬೇರೆ ಕೊಡು. ದೊಡ್ಡದು ಕೊಡು.’

ಬಾಣದ ಗುಂಡಿ ಒತ್ತಿ, ಒತ್ತಿ, ಒತ್ತಿ
ಬೆರಳು ನೋಯುವ ತನಕ ಏರಿಸಿದೆ: ಇನ್ನೂರು.
ರೂಟರ್ ಹಂಚುವುದು ನೂರೈವತ್ತರವರೆಗೆ ಮಾತ್ರ,
ಅದರಾಚೆಗೆ ಯಾರೂ ಬಂದು ಕದ ತಟ್ಟುವುದಿಲ್ಲ.
ನಲವತ್ತೇಳನ್ನು ಟ್ಯಾಬ್ಲೆಟ್ಟಿನ ಹುಟ್ಟುಹೆಸರಿಗೆ ಬರೆದಿಟ್ಟೆ,
ಇನ್ನೆಷ್ಟು ಕರೆಂಟು ಹೋದರೂ ಮನೆಯೊಡತಿ ಮರೆಯದ ಹಾಗೆ.
ಕಂಪ್ಯೂಟರಿಗೂ ಹೊಸ ಬಾಗಿಲು ತೋರಿಸಿದೆ;
ತೋರಿಸದಿದ್ದರೆ ಅದು ಹಳೆಯದನ್ನೇ ತಟ್ಟುತ್ತಿರುತ್ತದೆ,
ಮನುಷ್ಯರ ಹಾಗೆ.

ವೈರು ಸಿಕ್ಕಿಸಿದ್ದೇ ತಡ, ಹನ್ನೊಂದು ದಿನದ ಬಾಕಿ
ಗರಗರನೆ ಉಗುಳತೊಡಗಿತು:
ಅದೇ ನಾಯಿ, ಅದೇ ನಾಯಿ, ಅದೇ ನಾಯಿ.
(ನಾಯಿ ಬುಧವಾರವೇ ತಾನಾಗಿ ಮನೆ ಸೇರಿತ್ತಂತೆ.)
ಆ ಸದ್ದಿನ ನಡುವೆಯೇ ಬಟುಮಿಯಲ್ಲಿ
ಎತ್ತಿದ ಕೈ ಇಳಿಯಿತು, ದಾಳ ಉರುಳಿತು,
ಆರು, ಐದು.
‘ಶೇಷ್-ಬೇಷ್!’ ಕೂಗಿದಳು ತಂಗಿ.

ಉಪ್ಪಿನ ಡಬ್ಬಿ ಇನ್ನೂ ಎರಡೇ ಇದ್ದವು.
ಅದು ನನ್ನ ಕೆಲಸವಲ್ಲ.