ಒಂದು ಮೂರು ನಾಕು ಎರಡು

ಬಟ್ಟೆಮಲ್ಲಪ್ಪದ ಏರಿಗೆ ಬಂದರೆ ಸಾಕು
ಜೀಪು ಕುಂಟುತ್ತದೆ.
ಆವತ್ತೂ ಮೈಕು ನನ್ನ ಕೈಯಲ್ಲೇ ಇತ್ತು:
ಸಾರ್ವಜನಿಕರಲ್ಲಿ ವಿನಂತಿ, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ
ಪಂಚಾಯ್ತಿ ಅಂಗಳದಲ್ಲಿ ನಾಯಿಗಳಿಗೆ ಉಚಿತ ಚುಚ್ಚುಮದ್ದು,
ಅಲ್ಲಿಗೆ ಎಂಜಿನ್ ನಿಂತಿತು.
ಹೂವಪ್ಪ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ.
ನಾನು ಮೈಕು ಆರಿಸಿ
ಜೀಪು ಮಾರಿದವನ ತಾಯಿಯನ್ನು ನೆನೆದೆ.

ಎಂಟು ತಿಂಗಳು.
ಪ್ಲಗ್ಗು ನಾಲ್ಕೂ ಹೊಸತು. ಕಾಯಿಲ್ ಹೊಸತು. ಕಂಡೆನ್ಸರ್ ಎರಡು ಸಲ.
ಹೊಸನಗರದವನೊಬ್ಬ ಬೆಂಕಿಪೊಟ್ಟಣದ ಬದಿಯಲ್ಲಿ ಪಾಯಿಂಟ್ ಉಜ್ಜಿ
ಐವತ್ತು ರೂಪಾಯಿ ತಗೊಂಡ.
ಆ ತಿರುವಿನಲ್ಲಿ ಯಾರೋ ಇದ್ದಾಳೆ ಅಂದವರ ಮಾತಿಗೆ
ಬಂಪರಿಗೆ ನಿಂಬೆಹಣ್ಣೂ ಬಂತು.

ಇನ್ನೊಂದು ಕಾಟ, ಸ್ಪೀಕರಿನಲ್ಲಿ ಚರಚರ,
ನನ್ನ ಮಾತಿನ ಕೆಳಗೆ ಯಾರೋ ಹಪ್ಪಳ ಮುರಿದ ಹಾಗೆ.
ಅದು ಬೇರೆ ರೋಗ ಅಂತ ಬೇರೆ ಡಾಕ್ಟರು:
ಸೌಂಡ್ಸಿನ ತುಕೋಜಿ. ಮೂರು ಸಲ ಬಿಚ್ಚಿ ಮೂರು ಸಲ ಮುಚ್ಚಿ
‘ಸೆಟ್ಟಿನಲ್ಲಿ ಎಂತದೂ ಇಲ್ಲ ಮಾರಾಯ’ ಅಂದ.
ಮುನ್ನೂರು ಕೇಳಿದ. ಕೊಡಲಿಲ್ಲ.
ಕೊಡದಿದ್ದರೆ ಸಾಯಲಿ, ಸಂತೆಯ ದಿನ
ಅವನಂಗಡಿ ಎದುರಿಗೇ ಜೀಪು ತಂದು, ಎಂಜಿನ್ ಆರಿಸದೆ,
ಹಲೋ ಹಲೋ, ಇದು ತುಕೋಜಿ ರಿಪೇರಿಯ ಸೆಟ್ಟು,
ಕೇಳಿ, ಎಲ್ಲರೂ ಕೇಳಿ.
ಸೊಪ್ಪಿನವರು ನಕ್ಕರು.
ಅವನು ಅರ್ಧ ಬಾಗಿಲು ಎಳೆದುಕೊಂಡ.

ರಿಪ್ಪನ್‌ಪೇಟೆಯ ಕೈತಾನ ಬಾನೆಟ್ ಮುಟ್ಟಲಿಲ್ಲ.
ಸ್ಟೂಲು ಎಳೆದು ಕೂತು ‘ಮಾತಾಡಿ’ ಅಂದ.
ಎಂತ ಮಾತಾಡೋದು?
‘ನಾಯಿ ಚುಚ್ಚುಮದ್ದೇ ಆಗ್ಲಿ. ಗಾಡಿ ಚಾಲೂ ಇರ್ಲಿ.’
ನಾನು ಖಾಲಿ ಗ್ಯಾರೇಜಿಗೆ ವಿನಂತಿಸುತ್ತ ಹೋದೆ.
ಅವನು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳು ಬಡಿಯುತ್ತಿದ್ದ
ಒಂದು ಮೂರು ನಾಕು ಎರಡು
ಒಂದು ಮೂರು ನಾಕು ಎರಡು
ಮೂರಕ್ಕೆ ಬಂದಾಗೆಲ್ಲ ಹುಬ್ಬು ಗಂಟಾಗುತ್ತಿತ್ತು.
‘ಆಫ್ ಮಾಡಿ. ಈಗ ಹೇಳಿ.’
ಹೇಳಿದೆ.
ನನ್ನ ದನಿ ಒಗೆದು ಹಿಂಡಿದ ಪಂಚೆ,
ಒಂದು ಕಲೆಯಿಲ್ಲ.
ಹೂವಪ್ಪ ನನ್ನ ಮುಖ ನೋಡಿದ.
ನಾನು ನಿಂಬೆಹಣ್ಣು ನೋಡಿದೆ.
ಎಂಟು ತಿಂಗಳಲ್ಲಿ ಜೀಪು ನಿಂತಾಗೆಲ್ಲ
ನಾನು ಮೊದಲು ಮೈಕು ಆರಿಸಿ ಆಮೇಲೆ ಬೈದವನು;
ಒಂದು ಸಲ ಆರಿಸದೇ ಬೈದಿದ್ದರೆ
ಗೊತ್ತಾಗುತ್ತಿತ್ತು.

‘ಕತ್ತಲಾಗ್ಲಿ’ ಅಂದ ಕೈತಾನ. ‘ಹಗಲಲ್ಲಿ ಕಾಣೂದಿಲ್ಲ ಇದು.’
ಎರಡು ಟೀ ಆಯಿತು. ಕೊನೆಯ ಬಸ್ಸಿನ ಮುಂಚಿನ ಬಸ್ಸು ಹೋಯಿತು.
ಏಳಕ್ಕೆ ಶಟರು ಅರ್ಧ ಇಳಿಸಿ ಬಲ್ಬು ಆರಿಸಿದ.
ಎಂಜಿನ್ ನಡುಗುತ್ತಿತ್ತು, ಪೆಟ್ರೋಲು ಮೂಗಿಗೆ ಹೊಡೆಯುತ್ತಿತ್ತು.
ಡಿಸ್ಟ್ರಿಬ್ಯೂಟರಿನ ಮುಚ್ಚಳದ ಮೇಲೆ
ಮೂರನೇ ವೈರಿನ ಬುಡದಿಂದ ಕಬ್ಬಿಣದ ಕ್ಲಿಪ್ಪಿನವರೆಗೆ
ನೀಲಿ ಎಳೆಯೊಂದು,
ಹುಟ್ಟುತ್ತ ಸಾಯುತ್ತ ಹುಟ್ಟುತ್ತ.
‘ಬಿರುಕು. ಏರಿನಲ್ಲಿ ಒಳಗೆ ಒತ್ತಡ ಜಾಸ್ತಿ.
ಕಿಡಿಗೂ ಮೈಗಳ್ಳತನ ಉಂಟು, ಸುಲಭದ ದಾರಿ ಹಿಡೀತದೆ.
ಹೊರಗೆ ಹಾರಿದಾಗೆಲ್ಲ ನಿಮ್ಮ ಸ್ಪೀಕರು ಹೇಳ್ತಿತ್ತು.
ದಿನಾ ಹೇಳ್ತಿತ್ತು. ಊರೂರಿಗೆ.’

ಹೊಸ ಮುಚ್ಚಳ ಶಿವಮೊಗ್ಗದಿಂದ ಬರಬೇಕು, ನಾಲ್ಕು ದಿನ.
ಅಲ್ಲಿಯವರೆಗೆ ಬ್ಲೇಡಿನಲ್ಲಿ ಮಸಿ ಕೆರೆದು
ಮಗಳು ಲವೀನಾಳ ಉಗುರುಬಣ್ಣ ಬಳಿದ,
ಎರಡು ಕೋಟು, ಊದಿ ಊದಿ.
‘ಬೇರೆ ಬಣ್ಣ ಇರ್ಲಿಲ್ವ?’ ಹೂವಪ್ಪ ಕೇಳಿದ.

ಮರುದಿನ ಬೆಳಿಗ್ಗೆ ತುಕೋಜಿಯ ಅಂಗಡಿಯೆದುರು
ಎಂಜಿನ್ ಆರಿಸದೆ ನಿಂತೆ. ಜೇಬಿನಲ್ಲಿ ಮುನ್ನೂರು.
ಹೊಗೆಯೆದ್ದ ಸೋಲ್ಡರಿಂಗ್ ಕಡ್ಡಿ ಹಿಡಿದು
ಅವನು ಯಾರದೋ ರೇಡಿಯೋದೊಳಗೆ ಬಗ್ಗಿದ್ದ.
ಹಲೋ, ಅಂದೆ. ಮೈಕಿನಲ್ಲೇ.
ಮುಂದಿನದು ಸಿಗಲಿಲ್ಲ. ಸಾರ್ವಜನಿಕರಲ್ಲಿ ವಿನಂತಿ, ಅಂದೆ,
ಬುಧವಾರ, ನಾಯಿ, ಉಚಿತ, ಎಲ್ಲ ಅಂದೆ.
ಕಡ್ಡಿ ಗಾಳಿಯಲ್ಲೇ ನಿಂತಿತು. ಅವನು ಕೇಳುತ್ತಿದ್ದ,
ನನ್ನನ್ನಲ್ಲ, ನನ್ನ ಕೆಳಗಿನದನ್ನು.
ಆಮೇಲೆ ತಲೆಯೆತ್ತದೆ ಕೂಗಿದ:
‘ಬೇಸು ಸ್ವಲ್ಪ ಕಮ್ಮಿ ಮಾಡು.’

ಮಾಡಿದೆ.