ನಾಲ್ಕನೇ ಪಾಳಿ

ಮೂರು ಪಾಳಿ ಇದ್ದವು ಗಿರಣಿಗೆ.
ಭೋಂಗಾ ಊದಿದರ ಚಾಳಿನ ತೊಟ್ಟಿಲ ಸುದ್ದಾ ಅಲಗತಿತ್ತು.
ಈಗ ಚಿಮಣಿ ಇಲ್ಲ. ಅದು ನಿಂತಿದ್ದ ಜಾಗಾದಾಗ
ಜಾಲಿಕಂಟಿ, ನಾಕು ನಾಯಿ, ಕೋರ್ಟಿನವರ ಬೋರ್ಡು.
ಉಳಿದದ್ದು ಟೈಮ್ ಆಫೀಸು, ಹನ್ನೆರಡು ಫೂಟಿಗೆ ಹದಿನಾಕು.
ಸೋಲಾಪುರದ ಈ ಮೂಲಿಗೆ ಅದ ದವಾಖಾನಿ,
ಸಂಜಿ ಐದರಿಂದ ಎಂಟು.
ನಾಲ್ಕನೇ ಪಾಳಿ ಅಂತೀನಿ ನಾನು. ಮಂದಿ ನಗತಾರ.

ಈ ಕಿಡಕಿಯೊಳಗ ಕೂತು ಇಪ್ಪತ್ತಾರು ವರ್ಷ
ತಡಾ ಮಾಡಿ ಬಂದವರ ಅರ್ಧಾ ಪಗಾರ ಕಡದೀನಿ.
ಈಗ ಅದ ಕಿಡಕಿಯೊಳಗ ಹೆಸರು ಬರಕೋತೀನಿ,
ಹತ್ತು ರೂಪಾಯಿ ತಗೋತೀನಿ,
ಇಲ್ಲದವರ ಹೆಸರಿನ ಮುಂದ ಒಂದು ಚುಕ್ಕಿ.
ಚುಕ್ಕಿ ಎಣಸಬಾರದು ಅಂತ ಠರಾವು ಆಗೇದ.

ಮಹಾಪಾಲಿಕೆಗೆ ಅರ್ಜಿ ಕೊಟ್ಟಿವಿ.
ಕನ್ನಡದಾಗ ಬರದು, ಮರಾಠಿ ಮಾಡಿಸಿ, ಮೂರು ಝೆರಾಕ್ಸ್.
ಸಾಹೇಬ ಅಂದ: ಜಾಗಾ ಲಿಕ್ವಿಡೇಟರಂದು,
ಅಲ್ಲೆ ವಸ್ತಿ ಅದ ಅಂತ ನಮ್ಮ ಕಾಗದದಾಗ ಇಲ್ಲ.
ಹಂಗಾರ ಅಲ್ಲೆ ಕೆಮ್ಮೂದು ಯಾರು ಅಂತ ಕೇಳಾಕ ಬಾಯಿ ತಗದೆ;
ಕೇಳೂದರೊಳಗ ನನಗ ಕೆಮ್ಮು ಬಂತು.
ಅವ ಎದ್ದು ಫ್ಯಾನ್ ಹಚ್ಚಿದ.

ಪುಣೆಯ ಕಂಪನಿಯವರು ಬಂದರು. ಒಂದು ವರ್ಷ ಕೊಡತೀವಿ,
ಆಮ್ಯಾಲ ನಿಮ್ಮ ಕಾಲ ಮ್ಯಾಲ ನೀವು ನಿಲ್ಲಬೇಕು ಅಂದರು.
ನರಸಮ್ಮ ಬೋಗಾ ಸೀರಿ ಸರಿಸಿ ತೋರಿಸಿದಳು,
ಬೀಡಿ ಸುತ್ತಾಕ ನಲವತ್ತು ವರ್ಷ ಮಡಚಿಟ್ಟ ಕಾಲು.
'ಇದರ ಮ್ಯಾಲೇನ್ರಿ?'
ಒಂದು ತೂಕದ ಮಷೀನ್ ಕೊಟ್ಟು ಹೋದರು.
ಅಂಕಿಗಿಂತ ಕಂಪನಿಯ ಹೆಸರು ದೊಡ್ಡದು ಅದರ ಮ್ಯಾಲ.

ಖರ್ಚು:
ಡಾಕ್ಟರು ವಾರಕ್ಕ ಎರಡು ಸಲ, ಬರೇ ಪೆಟ್ರೋಲು.
ನರ್ಸ್ ಮೈರುನ್ನಿಸಾ, ಆರು ಸಾವಿರ, ಎರಡು ತಿಂಗಳ ಬಾಕಿ.
ಇನ್ಸುಲಿನ್ ಇಡೂ ಫ್ರಿಜ್,
ಬಿರಾಜದಾರನ ಬಂದಾದ ಕುಲ್ಫಿ ಅಂಗಡೀದು, ಬದಲಿಗೆ ಎರಡು ಚಾದರ.

ಜಮಾ:
ಬೀಡಿ ಹೆಣ್ಣುಮಕ್ಕಳ ಭಿಶಿ. ತಿಂಗಳಿಗೆ ನೂರು, ಮೂವತ್ತೆರಡು ಮಂದಿ.
ಮೂವತ್ತಮೂರನೇ ಚೀಟಿ ಮ್ಯಾಲ ದವಾಖಾನಿ ಅಂತ ಹೆಸರು.
ಅದರ ನೂರು ಅದ ಕಟ್ಟತದ, ಹತ್ತತ್ತು ರೂಪಾಯಿ ಕೂಡಿಸಿ,
ಎಲ್ಲಾರಂಗ, ಒಂದೊಂದು ತಿಂಗಳ ತಡಾ ಮಾಡಿ.

ಆಷಾಢದಾಗ ಸಾವಿತ್ರಾ ಕಲಶೆಟ್ಟಿಗೆ ರೊಕ್ಕಾ ಬೇಕಿತ್ತು,
ಮಗಳ ಬಾಣಂತನಾ. ಚೊಂಬಿನೊಳಗ ಕೈ ಹಾಕಿದ ಹುಡುಗಿ
ಚೀಟಿ ತಲಿಕೆಳಗ ಹಿಡದು ಕೇಳಿದಳು: 'ಇದು ಯಾರ ಅವ್ವ?'
ಯಾರೂ ಮಾತಾಡಲಿಲ್ಲ.
ತಿರುಗಿ ಹಾಕೂಣ ಅಂದೆ ನಾನು.
ಸಾವಿತ್ರಾ ಚೀಟಿ ಕಸಕೊಂಡು ಮಡಚಿ ನನ್ನ ಪುಸ್ತಕದಾಗ ಇಟ್ಟಳು.
'ಲೈಟಬಿಲ್ಲು ತುಂಬ್ರಿ ಮೊದಲ' ಅಂದಳು.
ಮರುದಿನ ಅಕಿ ಕೊರಳಾಗ ಬೋರಮಾಳ ಇರಲಿಲ್ಲ.
ಇದನ್ನ ಯಾವ ಕಾಲಮಿನ್ಯಾಗ ಬರೀಲಿ?

ಇಪ್ಪತ್ತೊಂದು ವರ್ಷಕ್ಕ ಗಿರಣಿಯ ಬಾಕಿ ಬಂತು ನನಗ,
ಹದಿನೆಂಟು ಸಾವಿರದ ನಾಕನೂರಾ ಹನ್ನೆರಡು.
ಚೆಕ್ಕಿನ ಸಂಗಾಟ ಆಸ್ತಿಯ ಯಾದಿ ಕಳಿಸಿದ್ದರು:
ಕಬ್ಬಿಣ, ಮಗ್ಗ, ಜಮೀನು, ಬಾವಿ.
ಡಾಕ್ಟರು ನನ್ನ ಎಕ್ಸ್‌ರೇ ಬಲ್ಬಿಗೆ ಹಿಡದರು.
ಬೆಳ್ಳಗ ಅಲ್ಲಲ್ಲೆ, ಹಿಂಜಿ ಇಟ್ಟಂಗ.
ಮಾಲು ಇನ್ನೂ ನಮ್ಮ ಗೋದಾಮಿನ್ಯಾಗ ಅದ, ಯಾದಿಯಾಗ ಬಂದಿಲ್ಲ.

ಮೈರುನ್ನಿಸಾಳ ಬಾಕಿ ಹನ್ನೆರಡು ಸಾವಿರ ಮುಟ್ಟಿಸಿದೆ.
ಉಳಿದದ್ದರ ಸುದ್ದಿ ಮನ್ಯಾಗ ಹೇಳಿಲ್ಲ.

ಎಂಟಕ್ಕ ಕೀಲಿ ಹಾಕಬೇಕು.
ಎಂಟೂ ಹತ್ತಕ್ಕ ಯಾರೋ ಓಡಿ ಬರತಾರ, ಸೆರಗಿಗೆ ತಂಬಾಕದ ವಾಸನಿ.
ಗಡಿಯಾರ ನೋಡತೀನಿ. ಕೈ
ತಾನ ಕೆಂಪು ಪೆನ್ನಿಗೆ ಹೋಗತದ.
ನೀಲಿ ಹುಡಕತೀನಿ.
ಹೆಸರು ಹೇಳ್ರಿ, ಅಂತೀನಿ.